ತೊಟ್ಟಿಲಿಗೆ ಎಂಟು ಗುಂಡು

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಮರ ತಿರುವುವ ಲೇತ್ ಯಂತ್ರ ನಡೆಸುವುದನ್ನು ನಾನು ಮೆಲ್ಲಗೆ ಕಲಿತೆ. ಲಟ್ಟಣಿಗೆ, ಕಡೆಗೋಲು, ಮಂಚದ ಕಾಲು ಕೈಗೆ ಬಂದವು. ಮಾಡಿದ್ದನ್ನು ನನ್ನ ಮೈದುನನ ಅಂಗಡಿಯಲ್ಲಿ ಇಟ್ಟು ಬರುತ್ತಿದ್ದೆ. ಕೊಳ್ಳುವವರು ಅದನ್ನು ಅವನ ಕೈಕೆಲಸವೆಂದೇ ತಿಳಿಯುತ್ತಿದ್ದರು. ಅಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ನಿಜ ಗೊತ್ತಿದ್ದ ಹೊರಗಿನವಳೆಂದರೆ ಸಾಸ್ತೂರದ ನನ್ನ ಗೆಳತಿ ಒಬ್ಬಳೇ. ನಾಲ್ಕನೆಯ ತರಗತಿಯವರೆಗೆ ಇಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತು ಓದಿದವರು. ಅವರದು ಕುರಿ ಸಾಕುವ ಮನೆತನ. ಮೊಮ್ಮಗನ ತೊಟ್ಟಿಲಿಗೆ ಉಣ್ಣೆಯ ಗೊಂಡೆ ಕಟ್ಟಿದ್ದಳಂತೆ. ಅವುಗಳ ನಡುವೆ ತೂಗುಹಾಕಲು ಮರದ ಎಂಟು ಗುಂಡು ಬೇಕೆಂದು ಬಂದಳು.

“ಹೆಸರಿಡೋ ದಿನ ಯಾರು ಮಾಡ್ಯಾರಂತ ಎಲ್ಲಾರ ಮುಂದ ನೀನೇ ಹೇಳ್ಬೇಕು. ಇಲ್ಲಂದ್ರ ಉದಗೀರಿಂದ ಪ್ಲಾಸ್ಟಿಕ್ ಗುಂಡು ತರ್ತೀನಿ” ಎಂದಳು.

“ಹೇಳೂದು ನನ್ನ ಕೈಲಿ ಆಗಂಗಿಲ್ಲ, ಮಾರಾಯ್ತಿ.”

“ಬಾಯಿಲೆ ಹೇಳ, ಕೈಲೆ ಯಾರು ಹೇಳಂದಾರ?”

ಹೇಳಬೇಕೆಂಬ ಆಸೆ ನನಗೂ ಇತ್ತು. ಆದರೆ ಹೇಳಬೇಕಾದರೆ ಗುಂಡು ಗುಂಡಗಿರಬೇಕಲ್ಲ! ನಿಮ್ಮ ಅಜ್ಜ ಬರೀ ಕಣ್ಣಳತೆಯಲ್ಲಿ ತಿರುವುತ್ತಿದ್ದರು. ನನ್ನವು ಒಂದು ಪೇರಲದಂತೆ, ಇನ್ನೊಂದು ಈರುಳ್ಳಿಯಂತೆ ಆದವು.

ಗುಂಡು ತಿರುವುವ ಸಾಧನವೊಂದನ್ನು ಫೋನಿನಲ್ಲಿ ನೋಡಿದ್ದೆ. ನಮ್ಮೂರು ಯೆಣೆಗೂರದಿಂದ ಬಸ್ಸು ಹತ್ತಿ ಉಮರಗಾಕ್ಕೆ ಹೋದೆ. ಹಾರ್ಡ್‌ವೇರ್ ಅಂಗಡಿಯವನು, ಅಂಥದ್ದು ಇಲ್ಲ, ತರಿಸಿದರೂ ಹಳೆಯ ಯಂತ್ರಕ್ಕೆ ಕೂಡುವುದಿಲ್ಲ ಎಂದು ಎದುರಿನ ವೆಲ್ಡಿಂಗ್ ಅಂಗಡಿಯತ್ತ ಕೈ ತೋರಿಸಿದ. ಅಲ್ಲಿ ನಾಲ್ಕು ಜನ ಗಂಡಸರು ಚಹಾ ಕುಡಿಯುತ್ತ ಕೂತಿದ್ದರು. ಅವರೆದುರು ವಿವರಿಸಲು ನಾಚಿ ಅಲ್ಲೇ ನೆಲದ ಮೇಲೆ ಕೂತು, ಬೀಸುಕಲ್ಲು ಬೀಸಿದಂತೆ ಕೈ ತಿರುಗಿಸಿ ತೋರಿಸಿದೆ.

“ಅರೆ ಮಾವಶಿ, ಜ್ವಾಳಾ ಬೀಸ್ಲಾಕ ಬಂದೀರೇನು?” ಎಂದು ವೆಲ್ಡರ್ ನಕ್ಕ.

“ಜ್ವಾಳಾ ಅಲ್ಲ ತಮ್ಮಾ, ಕಟ್ಟಿಗಿ. ನಡುವ ಗೂಟ. ಅದರ ಸುತ್ತ ತಿರುಗೂದೊಂದು ತೋಳು. ತೋಳಿನ ತುದಿಗಿ ಉಳಿ.”

“ಥಾಂಬಾ, ಥಾಂಬಾ, ನಿಲ್ರಿ!” ಎಂದು ಅವನು ಚಹಾ ಬಿಟ್ಟು ಸುಣ್ಣದ ಕಡ್ಡಿ ಹುಡುಕಿದ. ನೆಲದ ಮೇಲೆ ಗೆರೆ ಎಳೆದ. ನಾನು ಅಳಿಸಿ ಬೇರೆ ಗೆರೆ ಎಳೆದೆ. ಸಂಜೆಯ ಬಸ್ಸಿಗೆ ಸಾಧನ ನನ್ನ ಚೀಲದಲ್ಲಿತ್ತು: ಕಬ್ಬಿಣದ ತಗಡು, ಅದರ ನಡುವೆ ದಪ್ಪ ಬೋಲ್ಟು, ಬೋಲ್ಟಿನ ಸುತ್ತ ತಿರುಗುವ ತೋಳು, ತೋಳಿನ ತುದಿಗೆ ಉಳಿ.

ಅದನ್ನು ಯಂತ್ರಕ್ಕೆ ಬಿಗಿದು ಬೇವಿನ ತುಂಡು ಹಾಕಿದೆ. ಬಂದದ್ದು ನಿಂಬೆಹಣ್ಣು! ಎರಡೂ ತುದಿ ಚೂಪು. ಮತ್ತೊಂದು ಹಾಕಿದೆ, ಅದೂ ನಿಂಬೆಹಣ್ಣೇ. ತಪ್ಪು ವೆಲ್ಡರನದಲ್ಲ, ನನ್ನದು. ಬೀಸುವಾಗ ಕೈ ಸಲೀಸಾಗಿ ಆಡಲೆಂದು ಕಲ್ಲನ್ನು ತುಸು ಆಚೆ ಸರಿಸಿಕೊಳ್ಳುತ್ತೇವಲ್ಲ, ಅದೇ ರೂಢಿಯಲ್ಲಿ ತಗಡನ್ನೂ ಆಚೆ ಸರಿಸಿ ಬಿಗಿದಿದ್ದೆ. ಬೋಲ್ಟು ಮರದ ನಡುಗೆರೆಯ ಕೆಳಗೆ ಇರಲೇ ಇಲ್ಲ. ಮರ ಹಿಡಿಯುವ ಎರಡು ಮೊನೆಗಳ ನಡುವೆ ದಾರ ಎಳೆದು, ಅದರಿಂದ ಒಂದು ನಟ್ಟು ಇಳಿಬಿಟ್ಟೆ. ನಟ್ಟು ಬೋಲ್ಟಿನ ತಲೆಯ ನಡುವಿಗೆ ಮುಟ್ಟುವವರೆಗೆ ತಗಡನ್ನು ಈಚೆ ಎಳೆದೆ. ಆಮೇಲೆ ತೋಳು ತಿರುಗಿಸಿದರೆ ಉಳಿ ಮರವನ್ನು ಸುತ್ತಿ ಬಂತು. ಬೆಣ್ಣೆಯ ಮುದ್ದೆಯಂಥ ಗುಂಡು! ಒಬ್ಬಳೇ ಇದ್ದೆ, ಆದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ.

ಹೆಸರಿಡುವ ದಿನ ತೊಟ್ಟಿಲು ತೂಗಿ ಹಾಡು ಮುಗಿಯಿತು. ನಿಲಂಗಾದಿಂದ ಬಂದಿದ್ದ ಬೀಗಿತ್ತಿ ಗುಂಡನ್ನು ಮುಟ್ಟಿ, “ಭಾಳ ಛಂದ ಅವ. ಯಾರು ಮಾಡ್ಯಾರ್ರೀ?” ಎಂದರು. ಗೆಳತಿ ಬೇಕೆಂದೇ ನನ್ನತ್ತ ತಿರುಗಿ ನೋಡಿದಳು.

“ನಾ ಮಾಡೀನ್ರೀ! ಎಂಟೂ ನಾನೇ ಮಾಡೀನಿ!”

ಅಷ್ಟು ಜೋರಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಕೂಸು ಬೆಚ್ಚಿ ಅಳತೊಡಗಿತು.

“ಹೇಳಂದ್ರ ಒದರ್ತಾಳ, ಹುಚ್ಚಿ! ಇನ್ನ ನೀನೇ ತೂಗು” ಎಂದು ಗೆಳತಿ ತೊಟ್ಟಿಲ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.