ಇನ್ನೂ ಬರದವರ ಇಂಜಿನಿಯರ್

ನಾರಾಯಣಸ್ವಾಮಿ ಸಾರ್ ಆ ಬಯಲನ್ನು ಎಂದೂ ಅಡ್ಡಹಾಯ್ದವರಲ್ಲ. ಕೋಲಾರದ ರಸ್ತೆಯ ಪಕ್ಕದಲ್ಲಿ ಟೊಮೆಟೊ ತೋಟ ತೆಗೆದು ಬಡಾವಣೆಗೆಂದು ಬಿಟ್ಟಿದ್ದ ಆ ನೆಲದಲ್ಲಿ ನೆಟ್ಟ ಕಲ್ಲುಗಳನ್ನು ಬಿಟ್ಟರೆ ಆಗ ಏನೂ ಇರಲಿಲ್ಲ. ಆದರೂ ಅವರು ನಕ್ಷೆಯಲ್ಲಿದ್ದ ರಸ್ತೆಗಳ ಮೇಲೇ ನಡೆದು, ಮೂಲೆ ಬಂದಾಗ ತಿರುಗಿ, ಸುತ್ತಿಕೊಂಡು ಹೋಗುತ್ತಿದ್ದರು. ನಾನು ನೇರವಾಗಿ ಹೊರಟರೆ ಕೂಗಿಕೊಳ್ಳುವರು: "ಏಮಯ್ಯಾ, ಯಾರದೋ ಅಡುಗೆಮನೇಲಿ ಚಪ್ಪಲಿ ಹಾಕ್ಕೊಂಡು ನುಗ್ತೀಯಲ್ಲ!"

ಅವರು ನಮ್ಮ ಪುರಸಭೆಯಲ್ಲಿ ನೀರು ಸರಬರಾಜಿನ ಇಂಜಿನಿಯರ್. ನಾನು ಅವರ ಕೈಕೆಳಗೆ ನಕ್ಷೆ ಬರೆಯುತ್ತಿದ್ದವನು. ಸಾರ್ ಅವರ ಊರು ಆಂಧ್ರದ ಗಡಿಯ ರಾಯಲ್ಪಾಡು. ಸಿಟ್ಟು ಬಂದರೆ ತೆಲುಗು, ಇಳಿದರೆ ಕನ್ನಡ. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಎದುರಿನ ಹೋಟೆಲಿನ ಮುದ್ದೆ ಸಾರು, ಇಷ್ಟೇ ಸಂಸಾರ. ಭಾನುವಾರವೂ ಬಂದು ಆಫೀಸಿನ ಬೀಗ ತೆಗೆಯುತ್ತಿದ್ದರು. ಕೆಲಸವೇನೂ ಇರುತ್ತಿರಲಿಲ್ಲ, ಆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೇ.

"ಬರೋರು" ಎಂಬ ಮಾತನ್ನು ಅವರು ನೆಂಟರ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಬೆಂಗಳೂರು ಮಾಲೂರಿನವರೆಗೆ ಬಂದಾಯಿತು, ಇಲ್ಲಿಗೂ ಕಾರ್ಖಾನೆಗಳು ಬರುತ್ತವೆ, ಅವುಗಳ ಹಿಂದೆಯೇ ಜನ ಬರುತ್ತಾರೆ, ಬಂದವರು ಮೊದಲು ಕೇಳುವುದು ನೀರನ್ನು ಎಂದು ಟೀ ತಂದವನಿಗೂ ಬಿಡದೆ ವಿವರಿಸುವರು. "ರಿಟೈರ್ ಆದ್ಮೇಲೆ ಆ ಬಡಾವಣೇಲೇ ಒಂದು ಮನೆ ಬಾಡಿಗೆಗೆ ಹಿಡೀತೀನಿ ಕಣಯ್ಯಾ. ಬೆಳಿಗ್ಗೆ ಬಾಗಿಲು ತೆಗೆದ್ರೆ ಜನ ಕಾಣ್ಬೇಕು" ಎನ್ನುವರು. ಅವರು ಬೇರೇನನ್ನೂ ಬಯಸಿದ್ದನ್ನು ನಾನು ಕಾಣೆ.

ಬಡಾವಣೆಯ ಎತ್ತರದ ಜಾಗವನ್ನು ಅವರು ನೀರಿನ ಟ್ಯಾಂಕಿಗೆಂದು ಮೀಸಲಿರಿಸಿದ್ದರು. ಅದನ್ನೂ ಸೈಟು ಮಾಡಿ ಮಾರಬೇಕೆಂದು ಬಡಾವಣೆ ಮಾಡುತ್ತಿದ್ದವರಿಗೆ ಆಸೆ. ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು, "ಈಗಿರೋರಿಗೇ ನೀರಿಲ್ಲ, ಬರದೇ ಇರೋರಿಗೆ ಟ್ಯಾಂಕ್ ಯಾಕ್ರೀ?" ಎಂದು ಎಲ್ಲರನ್ನೂ ನಗಿಸಿದರು. ಸಾರ್ ಮೇಜು ಗುದ್ದಿದರು. "ಅವ್ರು ಬಂದ್ಮೇಲೆ ಈ ಎತ್ತರ ಎಲ್ಲಿಂದ ತರ್ತೀರಿ? ಮಣ್ಣು ಹೊತ್ತು ಗುಡ್ಡ ಮಾಡ್ತೀರಾ?" ಅಂತೂ ಜಾಗ ಉಳಿಯಿತು.

ಸುದ್ದಿ ತಿಳಿದು ಹಳೇಪೇಟೆಯ ಹೆಂಗಸರು ಖಾಲಿ ಕೊಡ ಹಿಡಿದು ಆಫೀಸಿಗೆ ಬಂದರು. "ನಾವು ಇಲ್ಲೇ ಇದ್ದೀವಲ್ಲಪ್ಪಾ, ಮೊದ್ಲು ನಮ್ಮನ್ನ ನೋಡು" ಎಂದಳು ಒಬ್ಬಾಕೆ. ಸಾರ್ ಕೂಡಲೇ ಎದ್ದರು. ಟ್ಯಾಂಕರ್ ತರಿಸಿ, ಕೊನೆಯ ಕೊಡ ತುಂಬುವವರೆಗೂ ಬಿಸಿಲಲ್ಲಿ ನಿಂತಿದ್ದರು. ವಾಪಸ್ಸು ಬಂದವರು ನನಗೆ ಹೇಳಿದರು: "ಆಯಮ್ಮ ಹೇಳಿದ್ದು ಸುಳ್ಳಲ್ಲ. ಆದ್ರೆ ಬರೋರ ಪರವಾಗಿ ಕೊಡ ಹಿಡ್ಕೊಂಡು ಬಂದು ಕೇಳೋರು ಯಾರಯ್ಯಾ?"

ನಿವೃತ್ತರಾಗಿ ಅವರು ರಾಯಲ್ಪಾಡಿನ ಅಕ್ಕನ ಮನೆಗೆ ಹೋದರು. ಆಮೇಲೆ ಟ್ಯಾಂಕು ಎದ್ದಿತು, ಮನೆಗಳೂ ಎದ್ದವು. ಒಂದು ದಿನ ಚೀಲ ಹಿಡಿದು ಬಂದೇಬಿಟ್ಟರು. ಮುಖದಲ್ಲಿ ಮದುವೆ ಮನೆಗೆ ಬಂದವರ ಸಂಭ್ರಮ. ಇಬ್ಬರೂ ಬಾಡಿಗೆ ಬೋರ್ಡು ಕಂಡಲ್ಲೆಲ್ಲ ಬಾಗಿಲು ತಟ್ಟಿದೆವು.

"ಎಷ್ಟು ಜನ ಸಾರ್?"

"ನಾನೊಬ್ಬನೇ ಅಮ್ಮಾ."

"ಫ್ಯಾಮಿಲಿಗೆ ಮಾತ್ರ ಕೊಡೋದು, ಬೇಜಾರ್ ಮಾಡ್ಕೋಬೇಡಿ."

ಎಲ್ಲ ಮನೆಯಲ್ಲೂ ಇದೇ ಮಾತು. ಕೊನೆಯ ಮನೆಯಾಕೆ ಕೂರಿಸಿ ಮಜ್ಜಿಗೆ ಕೊಟ್ಟರು. ಟ್ಯಾಂಕಿನ ಜಾಗ ಉಳಿಸಿದವರು ಇವರೇ ಎಂದೆ ನಾನು. "ಹೌದಾ! ತುಂಬಾ ಒಳ್ಳೇದಾಯ್ತು" ಎಂದರು ಆಕೆ, ಮನಸ್ಸಿನಿಂದಲೇ. ಆಮೇಲೆ ದನಿ ತಗ್ಗಿಸಿ, "ಆದ್ರೆ ವಯಸ್ಸಾದೋರು ಒಬ್ರೇ ಇದ್ದು ಏನಾದ್ರೂ ಆದ್ರೆ, ನಾವು ಯಾರಿಗೆ ಅಂತ ಹೇಳಿ ಕಳ್ಸೋದು?" ನನಗೆ ಅಳು ಬಂದಿತ್ತು, ಸಾರ್ ಮಾತ್ರ ಲೋಟ ತೊಳೆದಿಟ್ಟು ಕೈಮುಗಿದರು.

ನಮ್ಮ ಮನೆಗೆ ಬನ್ನಿ ಎಂದೆ. ನೆಂಟನಾಗಿ ಎಷ್ಟು ದಿನ ಇರೋದು ಎಂದು ನಕ್ಕರು. ರಾಯಲ್ಪಾಡಿಗೆ ವಾಪಸ್ಸು ಹೋಗಲು ಶ್ರೀನಿವಾಸಪುರದ ಬಸ್ಸು ಹತ್ತಿಸಿದೆ. ಅದೇ ಕೊನೆ, ಮುಂದಿನ ಮಾವಿನ ಕಾಲಕ್ಕೆ ಅವರಿರಲಿಲ್ಲ.

ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ಹೇಳಿದ್ದರು: "ಮನೆಗೆ ಐದು ಜನ ಅಂತ ಹಿಡಿದೇ ನಾವು ನೀರಿನ ಲೆಕ್ಕ ಹಾಕೋದು. ನಾನೂ ಹಾಗೇ ಹಾಕ್ದೆ. ಒಬ್ಬನೇ ಬರೋನೂ ಇರ್ತಾನೆ ಅಂತ ನನಗೇ ಹೊಳೀಲಿಲ್ಲ ನೋಡಯ್ಯಾ."