ಕೊನೆಯ ಬಿಲ್ಲೆ

ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂನಲ್ಲಿ ನನ್ನ ಪಕ್ಕದ ಮನೆಯ ಮುದುಕರು ಗಣಿಯ ಬಿಲ್ಲೆ ಕಾಯುತ್ತಿದ್ದವರು. ಕೆಳಗಿಳಿದ ಪ್ರತಿಯೊಬ್ಬ ಒಯ್ದ ಹಿತ್ತಾಳೆಯ ಹಾಜರಿ ಬಿಲ್ಲೆ ಮೊಳೆಗೆ ಮರಳುವ ತನಕ ಅವರು ಬಾಗಿಲು ಮುಚ್ಚಿದ್ದಿಲ್ಲ.

ನಿವೃತ್ತ ಕಾರ್ಮಿಕರು ಅರ್ಜಿ ತುಂಬುವ ನನ್ನ ವೆಬ್‌ಸೈಟಿನಲ್ಲಿ ಹಳೆಯ ಬ್ರೌಸರುಗಳಿಗೆ ಬೆಂಬಲ ನಿಲ್ಲಿಸುತ್ತೇನೆ, ಅವುಗಳಲ್ಲಿ ಇನ್ನು ಅದು ತೆರೆಯದು ಎಂದಾಗ ಮುದುಕರು, "ಕೆಳಗೆ ಇನ್ನೂ ಯಾರವ್ರೆ?" ಎಂದರು.

"ಹಳೇ ಬ್ರೌಸರಿನಲ್ಲಿ ಉಳಿದಿರೋದು ನಾಲ್ಕೇ ಕಂಪ್ಯೂಟರು."

"ಅಂಗಾದ್ರೆ ಮುಚ್ಬ್ಯಾಡ ಕಣ್ಲಾ."

ಗೋಡೆಗೆ ನಾಲ್ಕು ಮೊಳೆ ಹೊಡೆದರು. ನಂದಿದುರ್ಗ, ಕ್ಯಾಸಂಬಳ್ಳಿಗೆಲ್ಲ ನನ್ನನ್ನು ಬಸ್ಸು ಹತ್ತಿಸಿ ಕರೆದೊಯ್ದು ಹೊಸ ಬ್ರೌಸರು ಹಾಕಿಸಿದರು. ಪ್ರತಿ ಸಲ ಬಂದು, ತಮ್ಮಲ್ಲುಳಿದಿದ್ದ ಹಳೆಯ ಬಿಲ್ಲೆಗಳಲ್ಲಿ ಒಂದನ್ನು ಮೊಳೆಗೆ ತೂಗುಹಾಕಿ ಕೇಳುವರು: "ಕೆಳಗೆ ಇನ್ನೂ ಯಾರವ್ರೆ?"

ಕೊನೆಗುಳಿದ ಬಂಗಾರಪೇಟೆಯ ಟೈಪಿಂಗ್ ಅಂಗಡಿಯಾಕೆ, "ಓಡ್ತಿರೋದ್ನ ಯಾಕ್ ಕೆಡಿಸ್ತೀರಾ?" ಎಂದು ನಮ್ಮನ್ನು ಎರಡು ಸಲ ಅಟ್ಟಿದಳು, ಮೂರನೆಯ ಸಲ ಒಪ್ಪಿದಳು.

ನಾಲ್ಕನೆಯ ಬಿಲ್ಲೆ ಮೊಳೆಗೇರಿತು. "ಎಲ್ರೂ ಮ್ಯಾಲಕ್ಕೆ ಬಂದವ್ರೆ. ಈಗ ಮುಚ್ಚು!"

ಹಳೆಯ ಬ್ರೌಸರುಗಳ ಬೆಂಬಲ ನಿಲ್ಲಿಸುವ ಗುಂಡಿಯನ್ನು ನಾನು ಒತ್ತಿದೆ. ಅವರು ಹೊಸ್ತಿಲಲ್ಲಿ ನಿಂತು, ಗಣಿ ಮುಚ್ಚಿದ ಮೇಲೆ ಊರು ಕೇಳದಿದ್ದ, ಪಾಳಿ ಮುಗಿದಾಗಿನ ಸೈರನ್ನನ್ನು ಗಂಟಲಲ್ಲೇ ಕೂಗಿದರು. ಇಡೀ ಬೀದಿ ಹೊರಗೆ ಓಡಿಬಂತು.