ಬೆಟ್ಟಸ್ವಾಮಿಯ ದನಿ ಕಾರಿನೊಳಗೆ ಬಂದದ್ದು

ಗುಬ್ಬಿಯ ಬೆಟ್ಟಸ್ವಾಮಿ ಸರ್ವಿಸಿನಲ್ಲಿದ್ದಷ್ಟು ಕಾಲವೂ ತುಮಕೂರು–ಕುಣಿಗಲ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅವರ ಗಂಟಲು ಎಂಥದೆಂದರೆ, ಸ್ಟ್ಯಾಂಡಿನಲ್ಲಿ ನಿಂತು ‘ಕುಣಿಗಲ್, ಕುಣಿಗಲ್’ ಅಂತ ಕೂಗಿದರೆ ಕುಣಿಗಲ್ಲಿಗೆ ಹೋಗಬೇಕಿಲ್ಲದವರೂ ಒಂದು ಹೆಜ್ಜೆ ಮುಂದೆ ಬರುತ್ತಿದ್ದರು. ಇಂಥ ಗಂಟಲನ್ನು ರೇಡಿಯೋದವರು ಬಳಸಿಕೊಳ್ಳಲಿಲ್ಲವಲ್ಲ ಎಂಬುದೇ ಅವರ ಕೊರಗು. ಹರೆಯದಲ್ಲಿ ಒಮ್ಮೆ ಬೆಂಗಳೂರಿಗೆ ಹೋಗಿ ರೇಡಿಯೋ ನಾಟಕದ ಧ್ವನಿ ಪರೀಕ್ಷೆ ಕೊಟ್ಟಿದ್ದರು. ಅಲ್ಲಿದ್ದವರು, ದನಿ ಚೆನ್ನಾಗಿದೆ, ಆದರೆ ಇದಕ್ಕೆ ಮೈಕೇ ಬೇಕಾಗಿಲ್ಲ ಅಂತ ನಯವಾಗಿ ಹೇಳಿ ಕಳಿಸಿದರು. ಬೆಟ್ಟಸ್ವಾಮಿ ಅದನ್ನು ಹೊಗಳಿಕೆಯೆಂದೇ ತಿಳಿದು ಬಸ್ಸು ಹತ್ತಿದರು. ಕ್ಯಾತ್ಸಂದ್ರ ಬರುವ ಹೊತ್ತಿಗೆ ಅರ್ಥವಾಯಿತು.

ಆಮೇಲೆ ಕೇಳುವುದರಲ್ಲೇ ತೃಪ್ತಿಪಟ್ಟುಕೊಂಡರು. ಅವರ ಮನೆಯ ರೇಡಿಯೋ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿತ್ತು. ಮೋಡ ಕವಿದರೆ ಗೊರಗುಟ್ಟುವುದು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ವಾರ್ತೆ ಓದುವವರು ಮುಳುಗಿಯೇ ಹೋಗುವುದು. ವಾರ್ತೆಯ ಹೊತ್ತಿಗೇ ಚಟ್ನಿ ರುಬ್ಬುತ್ತಾಳೆ ಅಂತ ಹೆಂಡತಿ ಸುಬ್ಬಲಕ್ಷ್ಮಮ್ಮನ ಮೇಲೆ ಅವರ ಆಪಾದನೆ. ತಿಂಡಿಯ ಹೊತ್ತಿಗೇ ವಾರ್ತೆ ಓದುತ್ತಾರೆ ಅಂತ ಆಕೆಯ ಉತ್ತರ. ಕೇಳಿದ ಪ್ರತಿ ಕಾರ್ಯಕ್ರಮಕ್ಕೂ ಬೆಟ್ಟಸ್ವಾಮಿ ಕಾರ್ಡು ಬರೆದು ಅಭಿಪ್ರಾಯ ತಿಳಿಸುತ್ತಿದ್ದರು. ರಿಟೈರಾದ ಮೇಲೆ ಕಾರ್ಡುಗಳು ಇನ್ನೂ ಹೆಚ್ಚಾದವು.

ಹೀಗಿರುವಾಗ ರೇಡಿಯೋ ನಿಲಯದಿಂದಲೇ ಒಂದು ಫೋನ್ ಬಂತು. ಪ್ರಸಾರವೆಲ್ಲ ಡಿಜಿಟಲ್ ಆಗುತ್ತಿದೆ, ಅದರ ಬಗ್ಗೆ ಹಳೆಯ ಕೇಳುಗರಿಂದ ನಾಲ್ಕು ಮಾತು ಆಡಿಸಬೇಕೆಂದಿದ್ದೇವೆ, ನೀವು ಬರಬೇಕು ಅಂತ ಒಬ್ಬ ಹೆಣ್ಣುಮಗಳು ಕರೆದಳು. ಬೆಟ್ಟಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಹೋದರು. ರೇಡಿಯೋಗೆ ಷರಟು ಕಾಣುತ್ತದೆಯೇ ಅಂತ ಸುಬ್ಬಲಕ್ಷ್ಮಮ್ಮ ಕೇಳಿದರೂ ಕಾಲರಿನ ಗುಂಡಿ ಹಾಕಿಕೊಂಡೇ ಹೊರಟಿದ್ದರು.

ಡಿಜಿಟಲ್ ಪ್ರಸಾರ ಕೇಳಿ ನಿಮಗೇನನ್ನಿಸಿತು ಅಂತ ಆ ಹುಡುಗಿ ಮೈಕಿನ ಮುಂದೆ ಕೇಳಿದಳು. ಬೆಟ್ಟಸ್ವಾಮಿ ಅದನ್ನು ಕೇಳಿಯೇ ಇರಲಿಲ್ಲ. ಕೇಳಿದ್ದೀರಾ ಅಂತ ಅವಳೂ ವಿಚಾರಿಸಲಿಲ್ಲ. ಎಷ್ಟೋ ವರ್ಷ ಕಾದು ಮೈಕಿನ ಮುಂದೆ ಕೂತ ಮನುಷ್ಯ, ಇಲ್ಲ ಅಂದು ಎದ್ದು ಬರುವುದುಂಟೇ? ಗೊರಗೊರ ಇಲ್ಲ, ಕಡಿದುಹೋಗುವ ಮಾತೇ ಇಲ್ಲ, ಹಳ್ಳಿಹಳ್ಳಿಯ ರೈತನಿಗೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳುತ್ತದೆ ಅಂತ ಗಂಟಲು ತಗ್ಗಿಸಿ, ಗಂಭೀರವಾಗಿ ಹೇಳಿ ಬಂದರು.

ಬಂದವರೇ, ಮೈಕಿನ ಮುಂದೆ ಆಡಿದ ಮಾತಿನ ಸಮೇತ ಗುಬ್ಬಿಗೆಲ್ಲ ಸುದ್ದಿ ಮುಟ್ಟಿಸಿದರು. ಬಸ್ ಸ್ಟ್ಯಾಂಡಿನ ಎದುರು ಹೋಟೆಲು ನಡೆಸುವ ಗಂಗಹನುಮಯ್ಯನಿಗೆ ಹೇಳಿದರೆ ಸಾಕಿತ್ತು, ಉಳಿದವರಿಗೆ ಆತನೇ ಹೇಳಿದ. ಕುಣಿಗಲ್ಲಿನಲ್ಲಿರುವ ಭಾಮೈದ ಚಿಕ್ಕರಂಗಯ್ಯನಿಗೆ ಫೋನಾಯಿತು. ಇಷ್ಟೆಲ್ಲ ಆದ ಮೇಲೆ, ರೇಡಿಯೋದ ಮುಳ್ಳನ್ನು ಎಲ್ಲಿಗೆ ತಿರುಗಿಸಬೇಕು ಅಂತ ಕೇಳಲು ನಿಲಯಕ್ಕೆ ಫೋನ್ ಮಾಡಿದರು. ಹಳೇ ಸೆಟ್ಟಿನಲ್ಲಿ ಬರುವುದಿಲ್ಲ ಸಾರ್, ಇದು ಡಿಜಿಟಲ್‌ನಲ್ಲಿ ಮಾತ್ರ, ಅದಕ್ಕೆ ಬೇರೆಯೇ ಸೆಟ್ಟು ಬೇಕು ಅಂದಳು ಅದೇ ಹುಡುಗಿ. ತುಮಕೂರಿನ ಅಂಗಡಿಗಳನ್ನೆಲ್ಲ ಸುತ್ತಿದರೂ ಅಂಥ ಸೆಟ್ಟಿನ ಹೆಸರು ಕೇಳಿದವರು ಸಿಗಲಿಲ್ಲ. ಮತ್ತೆ ಫೋನ್ ಮಾಡಿದಾಗ ಅವಳೇ ಒಂದು ದಾರಿ ತೋರಿಸಿದಳು: ಈಗಿನ ಕೆಲವು ಹೊಸ ಕಾರುಗಳಲ್ಲಿ ಅಂಥ ಸೆಟ್ಟು ಸೇರಿಕೊಂಡೇ ಬರುತ್ತದೆ.

ಗುಬ್ಬಿಯಲ್ಲಿ ಅವರಿಗೆ ಪರಿಚಯವಿದ್ದ ಕಾರುಗಳೆಲ್ಲ ಹಳೆಯವು. ಹಾಗಾಗಿ ಪ್ರಸಾರದ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ತುಮಕೂರಿನ ಬಟವಾಡಿಯ ಕಾರ್ ಷೋರೂಮಿಗೆ ಹೋದರು. ಕಾರು ಕೊಳ್ಳುವವರ ಹಾಗೆ ಇರು ಅಂತ ಬೆಟ್ಟಸ್ವಾಮಿ ಹೆಂಡತಿಗೆ ಹೇಳಿಕೊಟ್ಟಿದ್ದರು. ಅದು ಹೇಗೆಂದು ಆಕೆಗೆ ತಿಳಿಯದೆ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು.

ಸುಶ್ಮಿತಾ ಎಂಬ ಸೇಲ್ಸ್ ಹುಡುಗಿ ತಣ್ಣಗಿನ ನೀರು ಕೊಟ್ಟು, ಮೈಲೇಜು, ಏರ್‌ಬ್ಯಾಗು ಅಂತ ಶುರು ಮಾಡಿದಳು. ಬೆಟ್ಟಸ್ವಾಮಿ ತಲೆಯಾಡಿಸುತ್ತ, ರೇಡಿಯೋ ಹೇಗಿದೆ ಅಂದರು. ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಫೋನ್ ಕನೆಕ್ಟ್ ಮಾಡ್ಕೋತಾರೆ ಅಂಕಲ್ ಅಂದಳು. ಇವರು ಪಟ್ಟು ಹಿಡಿದ ಮೇಲೆ ಪರದೆಯನ್ನು ಒತ್ತಿ ಒತ್ತಿ ನೋಡಿದಳು. ಕೊನೆಗೆ ಡಿಜಿಟಲ್ ರೇಡಿಯೋ ಅಂತ ಮೂಡಿತು, ಮಾತು ಮಾತ್ರ ಬರಲಿಲ್ಲ. ತಗಡಿನ ಛಾವಣಿ, ಹೊರಗೆ ಹೋದರೆ ಬಂದೀತು ಅಂತ ಯಾರೋ ಹೇಳಿದರು. ಹೊರಗೆ ಹೋಗಬೇಕೆಂದರೆ ಟೆಸ್ಟ್ ಡ್ರೈವ್. ಬೆಟ್ಟಸ್ವಾಮಿಯ ಹತ್ತಿರ ಇದ್ದದ್ದು ಕಂಡಕ್ಟರ್ ಲೈಸೆನ್ಸು. ಅಂತೂ ಷೋರೂಮಿನ ಡ್ರೈವರ್ ತಿಮ್ಮರಾಜು ಸ್ಟೇರಿಂಗ್ ಹಿಡಿದ, ಸುಶ್ಮಿತಾ ಅವನ ಪಕ್ಕ ಕೂತಳು, ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ. ಕಾರು ಹೈವೇಗೆ ಬಿದ್ದು ಬೆಂಗಳೂರು ಕಡೆ ತಿರುಗಿತು.

ಕ್ಯಾತ್ಸಂದ್ರ ಹತ್ತಿರವಾಗುತ್ತಿದ್ದಂತೆ ಕಾರಿನೊಳಗೆ ಒಬ್ಬ ಮನುಷ್ಯ ಮಾತಾಡತೊಡಗಿದ. ಗೊರಗೊರ ಇಲ್ಲ, ಗಾಳಿಯ ಸದ್ದಿಲ್ಲ. ಉಗುಳು ನುಂಗಿದ್ದೂ ಕೇಳುತ್ತಿತ್ತು, ಕಟ್ಟಿಸಿಕೊಂಡ ಹಲ್ಲು ಕಟಕ್ ಅಂದದ್ದೂ ಕೇಳುತ್ತಿತ್ತು.

“ಯಾರೋ ಆಫೀಸರ್ರು ಇದ್ದಂಗವ್ರೆ,” ಅಂದರು ಸುಬ್ಬಲಕ್ಷ್ಮಮ್ಮ.

“ನಾನು ಕಣೇ,” ಅಂದರು ಬೆಟ್ಟಸ್ವಾಮಿ.

ಆಕೆ ಗಂಡನ ಮುಖ ನೋಡಿದರು, ಸ್ಪೀಕರನ್ನು ನೋಡಿದರು, ಸೆರಗು ಸರಿಮಾಡಿಕೊಂಡು ಕೂತರು. ಬೆಟ್ಟಸ್ವಾಮಿಗೆ ಮೈ ಜುಮ್ಮೆಂದಿತು. ಆದರೆ ಆ ಸುಖ ನಿಲ್ಲಲಿಲ್ಲ. ದನಿ ಅಷ್ಟು ನಿಚ್ಚಳವಾಗಿದ್ದುದರಿಂದ, ಹೇಳುತ್ತಿರುವವನಿಗೆ ವಿಷಯ ಗೊತ್ತಿಲ್ಲ ಎಂಬುದೂ ಅಷ್ಟೇ ನಿಚ್ಚಳವಾಗಿ ಕೇಳಿಸುತ್ತಿತ್ತು. ಹಳೇ ಸೆಟ್ಟಾಗಿದ್ದರೆ ಗೊರಗೊರದಲ್ಲಿ ಮುಚ್ಚಿಹೋಗುತ್ತಿತ್ತು. ‘ಇದರಲ್ಲಿ ಕಡಿದುಹೋಗುವ ಮಾತೇ ಇಲ್ಲ’ ಅಂತ ಸ್ಪೀಕರು ಹೇಳುವುದಕ್ಕೂ ಕಾರು ಫ್ಲೈಓವರಿನ ಕೆಳಗೆ ನುಗ್ಗುವುದಕ್ಕೂ ಸರಿಹೋಯಿತು. ದನಿ ನಿಂತಿತು. ಗೊರ ಅನ್ನಲಿಲ್ಲ, ಸುಯ್ ಅನ್ನಲಿಲ್ಲ. ಸುಮ್ಮನಾಯಿತು, ಅಷ್ಟೆ. ತಿಮ್ಮರಾಜು ಈಚೆ ಬಂದು ರಸ್ತೆ ಪಕ್ಕಕ್ಕೆ ನಿಲ್ಲಿಸಿದ. ಮತ್ತೆ ಮಾತು ಬರುವಷ್ಟರಲ್ಲಿ ಬೇರೆ ಯಾರೋ ತೆಂಗಿನ ನುಸಿರೋಗಕ್ಕೆ ಔಷಧ ಹೇಳುತ್ತಿದ್ದರು.

ವಾಪಸು ಬರುವಾಗ ಬೆಟ್ಟಸ್ವಾಮಿ ಸುಶ್ಮಿತಾಗೆ, ಕಾರು ಕೊಳ್ಳಲು ಬಂದದ್ದಲ್ಲ ಅಂತ ನಿಜ ಹೇಳಿಬಿಟ್ಟರು. ಅವಳು ಬೇಸರಪಟ್ಟುಕೊಳ್ಳಲಿಲ್ಲ. ಈ ಕಾರಿನಲ್ಲಿ ಇಂಥದ್ದೊಂದಿದೆ ಅಂತ ನನಗೂ ಈವತ್ತೇ ಗೊತ್ತಾಗಿದ್ದು ಅಂದಳು.

ಸಂಜೆ ಕುಣಿಗಲ್ಲಿನಿಂದ ಚಿಕ್ಕರಂಗಯ್ಯನ ಫೋನ್ ಬಂತು.

“ಭಾವ, ಎಲ್ಲಾರೂ ಕೂತ್ಕಂಡು ಕೇಳುದ್ವಿ. ಏನ್ ಕ್ಲಿಯರ್ರು ಅಂತೀರಾ.”

ಎಲ್ಲಿ ಕೇಳಿದೆ ಅಂತ ಬೆಟ್ಟಸ್ವಾಮಿ ವಿಚಾರಿಸಿದರು. ನಮ್ಮ ಮನೆ ರೇಡಿಯೋದಲ್ಲೇ ಅಂದ. ಅದು ಇವರೇ ಅವನ ಮದುವೆಯಲ್ಲಿ ಉಡುಗೊರೆ ಕೊಟ್ಟ ಸೆಟ್ಟು. ಅದರಲ್ಲಿ ಬರುವುದೇ ಇಲ್ಲವಲ್ಲೋ ಅನ್ನಲು ಬಾಯಿ ತೆರೆದ ಬೆಟ್ಟಸ್ವಾಮಿಗೆ ತಾವು ಮೈಕಿನ ಮುಂದೆ ಮಾಡಿದ್ದೂ ಇದನ್ನೇ ಅಂತ ಹೊಳೆದು, ಸಂತೋಷ ಅಂತ ಹೇಳಿ ಫೋನಿಟ್ಟರು.

“ನಮ್ಮೋರಲ್ಲಿ ನಿಜವಾಗ್ಲೂ ಕೇಳ್ದೋಳು ನಾನೊಬ್ಳು,” ಅಂದರು ಸುಬ್ಬಲಕ್ಷ್ಮಮ್ಮ. “ನನ್ನ ಕೇಳಿ ಹೆಂಗಿತ್ತು ಅಂತ.”

“ಹೆಂಗಿತ್ತೇ?”

“ದನಿ ಚೆನ್ನಾಗಿತ್ತು. ಹೇಳಿದ್ದು ನಂಬೋ ಹಂಗಿರ್ಲಿಲ್ಲ.”

ಬೆಟ್ಟಸ್ವಾಮಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಬರೆದ ಕಾರ್ಡುಗಳಲ್ಲಿ ಒಂದರಲ್ಲಾದರೂ ಇಷ್ಟು ನೇರವಾಗಿ ಅಭಿಪ್ರಾಯ ತಿಳಿಸಿದ್ದೆನೇ ಅಂತ ಯೋಚಿಸುತ್ತ ಕೂತರು.

ಮಾರನೆಯ ದಿನ ಹೋಟೆಲಿನಲ್ಲಿ ಗಂಗಹನುಮಯ್ಯ ಎಲ್ಲರ ಮುಂದೆ ಭಾಷಣವನ್ನು ಕೊಂಡಾಡಿದ. ಬೆಟ್ಟಸ್ವಾಮಿ ತಡೆಯಲಾರದೆ, ಅದು ಗುಬ್ಬಿಯಲ್ಲಿ ಯಾರ ಸೆಟ್ಟಿಗೂ ಬಂದಿರಲು ಸಾಧ್ಯವಿಲ್ಲ, ನಾನೂ ಕೇಳದೆಯೇ ಹೇಳಿ ಬಂದವನು ಅಂತ ಬಿಡಿಸಿ ಹೇಳಿದರು. ಗಂಟಲು ತಗ್ಗಿಸಲಿಲ್ಲ. ಎದುರಿನ ಸ್ಟ್ಯಾಂಡಿನಲ್ಲಿ ನಿಂತವರಿಗೂ ಕೇಳಿಸಿತು.

ಹೋಟೆಲಿನಲ್ಲಿ ಕೂತವರು ಮುಖಮುಖ ನೋಡಿಕೊಂಡರು.

“ರೇಡಿಯೋದಲ್ಲಿ ಬಂದ್ರೂ ಒಂಚೂರು ಜಂಬ ಇಲ್ಲ ನೋಡಿ ಇವರಿಗೆ,” ಅಂದ ಗಂಗಹನುಮಯ್ಯ. ಅಲ್ಲಿದ್ದವರೆಲ್ಲ ಹೌದೌದು ಅಂದರು. ಮೂಲೆಯ ಮೇಜಿನವನೊಬ್ಬ, ರೈತನ ವಿಚಾರ ಹೇಳಿದ್ದಂತೂ ಮನಸ್ಸಿಗೆ ನಾಟಿತು ಅಂದ.